ಪೋಡಿನ ನಕ್ಷೆ ಮಾಡೋಕೆ ಸಂಶೋಧಕರು ಬರ್ತೀವಿ ಅಂತಿದಾರೆ, ಗ್ರಾಮಸಭೆ ಅವ್ರ ಹತ್ರ ಏನೇನು ಕೇಳ್ಬೇಕು?

ಕಾಡಂಚಿನವ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಮಲೆ ಮಹದೇಶ್ವರ ಬೆಟ್ಟದ ಕಡೆ ಒಂದು ಸೋಲಿಗರ ಪೋಡಿನವ್ನು (ಪೋಡು ಅಂದ್ರೆ ನಮ್ ಆದಿವಾಸಿ ಜನರ ಹಾಡಿ), ಮೈಸೂರಲ್ಲಿ ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಮುಗ್ಸಿ ವಾಪಸ್ ಊರಿಗೇ ಬಂದಿದೀನಿ. ನಮ್ ಪೋಡಿನ ಅರಣ್ಯ ಹಕ್ಕು ಸಮಿತಿಲಿ ಓದೋದು ಬರಿಯೋದು ಅಂದ್ರೆ ಎಲ್ಲಾ ನನ್ ಹತ್ರಾನೇ ಬರುತ್ತೆ. ಕೆಲವ್ರಿಗೆ ಬೇಸಾಯದ ಜಮೀನಿಗೆ ಹಕ್ಕುಪತ್ರ ಸಿಕ್ಕಿದೆ, ಆದ್ರೆ ಕಾಡಿನ ಮೇಲೆ ಇಡೀ ಪೋಡಿಗೆ ಸೇರಿದ ಹಕ್ಕು ಇದೆಯಲ್ಲ, ಸಮುದಾಯ ಅರಣ್ಯ ಸಂಪನ್ಮೂಲ ಅಂತಾರಲ್ಲ, ಅದಕ್ಕೆ ನಾವಿನ್ನೂ ಅರ್ಜಿನೇ ಹಾಕಿಲ್ಲ. 2013ರಲ್ಲಿ ಇಲ್ಲಿ ವನ್ಯಜೀವಿ ಧಾಮ ಆಯ್ತು, ಹುಲಿ ಯೋಜನೆ ಮಾಡ್ತಾರೆ ಅಂತ ಮಾತು ಬೇರೆ ನಡೀತಾನೇ ಇದೆ, ಅದಕ್ಕೇ ಈ ಸಲ ಅರ್ಜಿ ಹಾಕ್ಲೇಬೇಕು ಅಂತ ಯಜಮಾನ್ರು ಹಠ ಹಿಡ್ದಿದಾರೆ.

ಈಗ ವಿಷ್ಯ ಏನಂದ್ರೆ, ಮಾನವಶಾಸ್ತ್ರದವ್ರು ಇಬ್ರು ಬಂದಿದ್ರು. ಆರು ತಿಂಗ್ಳು ಪೋಡಲ್ಲೇ ಇರ್ತೀವಿ, ನಿಮ್ ಎಲ್ಲೆ, ದೇವ್ರ ಜಾಗ, ಜೇನು ಕಟ್ಟೋ ಮರ ಎಲ್ಲ ನಕ್ಷೆ ಮಾಡ್ತೀವಿ, ಅದು ನಿಮ್ ಅರ್ಜಿಗೂ ಉಪಯೋಗ ಆಗುತ್ತೆ ಅಂದ್ರು. ಮಾತು ಒಳ್ಳೇದಾಗೇ ಇತ್ತು, ಜನಾನೂ ಒಳ್ಳೆಯವ್ರ ಥರಾನೇ ಕಂಡ್ರು.

ಆದ್ರೆ ಗ್ರಾಮಸಭೆಲಿ ನಮ್ಮತ್ತೆ ಎದ್ದು ನಿಂತ್ಲು. ಹದಿನೈದು ವರ್ಷದ ಹಿಂದೆ ಹಿಂಗೇ ಒಂದು ತಂಡ ಬಂದು ನಮ್ ತಾತನ್ನ ಮೂರು ದಿನ ಕೂರ್ಸಿ ಕುಲದ ಕಥೆ, ಹಾಡು, ಸತ್ತವ್ರಿಗೆ ಕಲ್ಲು ನಿಲ್ಸೋ ಜಾಗ ಎಲ್ಲಾ ರೆಕಾರ್ಡ್ ಮಾಡ್ಕೊಂಡು ಹೋಗಿತ್ತು. ತಾತ ತೀರ್ಕೊಂಡ್ಮೇಲೆ ಆ ದನಿ ಒಂದ್ಸಲ ಕೇಳ್ಬೇಕು ಅಂತ ನಾವು ಎಷ್ಟು ಫೋನ್ ಮಾಡಿದ್ರೂ ಸಿಗ್ಲಿಲ್ಲ, ಕಾಗದ ಬರೆದ್ವು, ಉತ್ರಾನೇ ಇಲ್ಲ. ಅತ್ತೆ ಹೇಳಿದ್ದು ಇಷ್ಟೇ: "ಮೊದ್ಲು ನಮ್ಮಪ್ಪನ್ ದನಿ ಎಲ್ಲದೆ ಕೇಳು, ಆಮೇಲೆ ನಕ್ಸೆ." ಸಭೆ ಅಲ್ಲಿಗೇ ನಿಂತೋಯ್ತು.

ನಂಗೆ ಎರಡೂ ಕಡೆ ಸರಿ ಅನ್ಸುತ್ತೆ. ಇಂಥ ಸಂಶೋಧನೆ ನಿಜವಾಗ್ಲೂ ಒಂದು ಸಮುದಾಯ ತನ್ನ ಆಡಳಿತ ತಾನೇ ನಡೆಸ್ಕೊಳ್ಳೋಕೆ ಸಹಾಯ ಮಾಡಿದ್ದು ಎಲ್ಲಾದ್ರೂ ಇದೆಯಾ? ಒಪ್ಕೊಳ್ಳೋದಾದ್ರೆ ಮೊದ್ಲೇ ಏನು ಕೇಳಿ ಬರೆಸ್ಕೊಬೇಕು? ಅನುಭವ ಇರೋರು ಹೇಳಿ.

ಗಿರಿಜೆ_ಬೆಟ್ಟ:

ತಮ್ಮಾ, ನಾನು ಬಿಳಿಗಿರಿರಂಗನ ಬೆಟ್ಟದ ಕಡೇವ್ಳು. ನಿಮ್ಮತ್ತೆ ಕೇಳಿದ್ದು ನೂರಕ್ಕೆ ನೂರು ಸರಿ ಕನಪ್ಪ, ಅವ್ಳ ಮಾತ್ನ ಬುಡ್ಬೇಡ. ಆದ್ರೆ ಇನ್ನೊಂದ್ಕಡೆ ಕತೇನೂ ಕೇಳು.

1974ರಲ್ಲಿ ನಮ್ ಬೆಟ್ಟನ ಅಭಯಾರಣ್ಯ ಅಂತ ಮಾಡುದ್ರು, ಕಾಡೊಳಗೆ ಅಲ್ಲಲ್ಲಿ ಇದ್ದ ಪೋಡುಗಳ್ನ ಎಬ್ಬಿಸಿ ರಸ್ತೆ ಬದಿ ತಂದು ಕೂರ್ಸುದ್ರು, ಬೇಸಾಯ ಮಾಡ್ತಿದ್ ಜಾಗ ಬದ್ಲಾಯ್ಸೋದು ನಿಂತೋಯ್ತು, ಒಣಗಿದ ಎಲೆಗೆ ತರಗು ಬೆಂಕಿ ಹಾಕೋದು ನಿಂತೋಯ್ತು. ಆಮೇಲೆ ವನ್ಯಜೀವಿ ಕಾನೂನಿಗೆ ತಿದ್ದುಪಡಿ ಬಂದು ಜೇನು, ನೆಲ್ಲಿಕಾಯಿ, ಪಾಚಿ, ಸೀಗೆ ಕುಯ್ದು ಮಾರೋದುಕ್ಕೂ ತಡೆ ಹಾಕುದ್ರು. ಒಂದೊಂದು ಮನೇಲಿ ಅದೇ ವರ್ಷದ ದುಡ್ಡು, ಏನ್ ಮಾಡದು ಹೇಳು. ಆಗ ನಾವು ಇಲ್ಲಿಯವ್ರು ಅಂತ ತೋರ್ಸೋಕೆ ನಮ್ತಾವ ಒಂದ್ ಕಾಗದಾನೂ ಇರ್ಲಿಲ್ಲ, ಇದ್ದದ್ದು ಜಾಗಗಳ ಹೆಸರು ಮಾತ್ರ.

ಆ ಹೆಸ್ರುಗಳೇ ಕೆಲ್ಸಕ್ಕೆ ಬಂದ್ವು. ಬೆಂಗಳೂರಲ್ಲಿ ಪರಿಸರ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆಯವ್ರೂ ನಮ್ ಜನಾನೂ ಸೇರ್ಕೊಂಡು ಕಾಡೆಲ್ಲ ನಡುದ್ರು. ಕುಲಕುಲಕ್ಕೂ ಒಂದೊಂದು ಎಲ್ಲೆ ಅದೆ, ಆ ಎಲ್ಲೆ ಒಳಗೆ ದೇವರು, ಮಾರಮ್ಮ, ವೀರು, ಸತ್ತವ್ರಿಗೆ ಕಲ್ಲು ನಿಲ್ಸೋ ಕಲ್ಲುಗುಡಿ, ನೀರಿನ ಅಬ್ಬಿ ಅಂತ ಐದು ಥರದ ಜಾಗ ಅವೆ, ನಿಮ್ಗೂ ಗೊತ್ತಿರ್ತದೆ. ಹಿರೀಕರು ನಿಂತ್ಕಂಡು ಇದು ಇಂಥೋರ ಕಲ್ಲುಗುಡಿ ಅಂತ ಹೇಳೋದು, ಅಲ್ಲಿ ಜಿಪಿಎಸ್ ಒತ್ತೋದು. ಹಿಂಗೆ ಮಾಡಿ ಮಾಡಿ ಸುಮಾರು 500ರ ಹತ್ರ ಜಾಗ ನಕ್ಸೆ ಮೇಲೆ ಬಂದ್ವು. ಯಾರೂ ಇಲ್ದಿರೋ ಕಾಡು ಅಂತ ಹೊರಗಿನವ್ರು ಅನ್ಕಂಡಿದ್ ಕಡೆಯೆಲ್ಲ ಚುಕ್ಕಿ ಮೇಲೆ ಚುಕ್ಕಿ.

ಅದ್ರಲ್ಲಿ ಮುಖ್ಯವಾದ್ ಮಾತು ಕೇಳು, ಆ ಕೆಲ್ಸದಲ್ಲಿ ಇದ್ದ ಸಿ. ಮಾದೇಗೌಡ್ರು ನಮ್ಮವ್ರೇ, ಸೋಲಿಗರೇ, ಆಮೇಲೆ ಡಾಕ್ಟರೇಟೂ ಮಾಡುದ್ರು. ಸಂಶೋಧಕ ಅಂದ್ರೆ ಯಾವಾಗ್ಲೂ ಹೊರಗಿಂದ್ಲೇ ಬರ್ಬೇಕು ಅಂತೇನಿಲ್ಲ, ನೀನೂ ಎಂಎಸ್‌ಡಬ್ಲ್ಯೂ ಓದಿದೀಯ ಅಲ್ವಾ.

2011ರ ಜನವರಿಲಿ ನಮ್ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಎಲ್ರೂ ಮುಗೀತು ಅಂತಾನೇ ಅನ್ಕಂಡ್ರು. ಅದೇ ವರ್ಷ ಅಕ್ಟೋಬರ್ 2ಕ್ಕೆ 25 ಗ್ರಾಮಸಭೆಗಳ ಕೈಗೆ ಸಮುದಾಯ ಹಕ್ಕುಪತ್ರ ಬಂತು. ಹುಲಿ ಕಾಡೊಳಗೆ ಹಂಗೆ ಹಕ್ಕು ಕೊಟ್ಟದ್ದು ದೇಶದಲ್ಲೇ ಅದೇ ಮೊದ್ಲು. ಬರೀ ನಕ್ಸೆಯಿಂದ ಬಂತು ಅಂತ ನಾನು ಹೇಳಲ್ಲ, ಸೋಲಿಗ ಅಭಿವೃದ್ಧಿ ಸಂಘದವ್ರು ವರ್ಷಾನುಗಟ್ಲೆ ಆಪೀಸಿಂದ ಆಪೀಸಿಗೆ ತಿರುಗವ್ರೆ. ಆದ್ರೆ ಅಧಿಕಾರಿ ಮುಂದೆ ಕೂತ್ಕಂಡು ಮಾತಾಡೋವಾಗ ಆ ನಕ್ಸೆ ನಮ್ ಕೈಲಿತ್ತು, ಅದು ಬೇರೇನೇ ಧೈರ್ಯ ಕಣಪ್ಪ.

ಹಕ್ಕುಪತ್ರ ಬಂದ್ಮೇಲೂ ಕಾಡು ನೋಡ್ಕೊಳ್ಳೋ ವಿಷ್ಯದಲ್ಲಿ ಜಗ್ಗಾಟ ನಿಂತಿಲ್ಲ, ಅದುನ್ನೂ ತಿಳ್ಕಂಡಿರು.

ಧಾರವಾಡದ_ವಕೀಲ:

ತಮ್ಮಾ, ಕಾಯ್ದೆ ಏನ್ ಹೇಳ್ತದ ಅನ್ನೂದನ್ನ ನಾ ಹೇಳ್ತೀನಿ ನೋಡ್ರಿ. ನಾ ಉತ್ತರ ಕನ್ನಡದ ಕಡೆ ಅರಣ್ಯ ಹಕ್ಕಿನ ಕೆಲವು ಕೇಸ್ ನೋಡೀನಿ.

ಕರ್ನಾಟಕದಾಗ ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಬುಡಕಟ್ಟು ಪ್ರದೇಶ ಅಂತ ಒಂದೂ ಇಲ್ಲ, ಹಿಂಗಾಗಿ ಅಂಥ ಪ್ರದೇಶದ ಗ್ರಾಮಸಭೆಗೆ ಸ್ವಆಡಳಿತ ಕೊಡೂ 1996ರ ಪೆಸಾ ಕಾಯ್ದೆ ನಮಗ ಸಿಗೂದಿಲ್ಲ. ನಿಮ್ಮ ಪೋಡಿನ ಮಂದಿ ತಮ್ಮ ಕಾಡಿನ ಬಗ್ಗೆ ತಾವೇ ಕೂತು ನಿರ್ಧಾರ ಮಾಡೂ ಗಟ್ಟಿ ದಾರಿ ಅಂದ್ರ 2006ರ ಅರಣ್ಯ ಹಕ್ಕು ಕಾಯ್ದೆನೇ. ಅದರಾಗ 3(1)(ಐ) ಅಂತ ಒಂದು ಕಲಮ್ ಅದ, ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಕಾಡನ್ನ ರಕ್ಷಿಸೂ, ಬೆಳೆಸೂ, ನಿರ್ವಹಿಸೂ ಹಕ್ಕು. 5ನೇ ಕಲಮ್ ಗ್ರಾಮಸಭೆಗೆ ಅಧಿಕಾರ ಕೊಡ್ತದ. ಸ್ವಆಡಳಿತ ಅಂತ ದೊಡ್ಡ ಮಾತು ಆಡ್ತೀವಲ್ಲ, ನಿಮ್ಮ ಮಟ್ಟಿಗೆ ಅದು ಈ ಎರಡು ಕಲಮಿನ್ಯಾಗ ಕೂತದ.

ಇನ್ನ ಸಾಕ್ಷ್ಯ. ಅದೇ ಕಾಯ್ದೆಯ ನಿಯಮಗಳಾಗ ನಿಯಮ 13 ತೆಗೆದು ಓದ್ರಿ. ಬಾವಿ, ಸ್ಮಶಾನ, ದೇವರ ಜಾಗದಂಥ ಹಳೇ ಕುರುಹು ಸಾಕ್ಷ್ಯ ಆಗ್ತಾವ. ಹಿರಿಯರ ಹೇಳಿಕೆ ಬರೆದು ಕೊಟ್ರ ಅದೂ ಸಾಕ್ಷ್ಯ. ಅದೇ ನಿಯಮದಾಗ ಹೆಸರಾಂತ ಸಂಸ್ಥೆಗಳು ಮಾಡಿದ ಸಂಶೋಧನೆ, ರೂಢಿ ಸಂಪ್ರದಾಯಗಳ ದಾಖಲಾತಿ ಸುದ್ದಾ ಸಾಕ್ಷ್ಯ ಅಂತ ಬರೆದಾರ, ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಹೆಸರನ್ನ ಉದಾಹರಣೆಗೆ ಕೊಟ್ಟಾರ. ಹಿಂಗಾಗಿ ಮಾನವಶಾಸ್ತ್ರದವರು ಬಂದ್ರ ಉಪಯೋಗ ಐತಿ, ಸುಳ್ಳಲ್ಲ.

ಆದ್ರ ಎರಡು ಮಾತು ನೆನಪಿಡ್ರಿ. ಒಂದೇ ಥರದ ಸಾಕ್ಷ್ಯ ಸಾಲೂದಿಲ್ಲ, ಒಂದಕ್ಕಿಂತ ಹೆಚ್ಚು ಬೇಕು, ಅಂದ್ರ ಸಂಶೋಧಕರ ವರದಿ ಬರ್ತದ ಅಂತ ಆರು ತಿಂಗಳು ಕಾಯ್ಕೋತ ಕೂಡಬ್ಯಾಡ್ರಿ, ಹಿರಿಯರ ಹೇಳಿಕೆ ಇವತ್ತೇ ಬರೆಸ್ರಿ. ವಯಸ್ಸಾದವರು ಯಾರಿಗೂ ಕಾಯೂದಿಲ್ಲ, ನಿಮ್ಮ ತಾತನ ವಿಷಯದಾಗ ನಿಮಗ ಗೊತ್ತೇ ಅದ. ಎರಡನೇದು, ಅರ್ಜಿ ಹಾಕೂದು ಗ್ರಾಮಸಭೆ, ಸಂಶೋಧಕರಲ್ಲ. 2012ರ ತಿದ್ದುಪಡಿ ಪ್ರಕಾರ ಸಭೆಗೆ ಸದಸ್ಯರಾಗ ಕನಿಷ್ಠ ಅರ್ಧ ಮಂದಿ ಇರಬೇಕು, ಕೂಡಿದವರಾಗ ಮೂರನೇ ಒಂದು ಪಾಲು ಹೆಣ್ಣಮಕ್ಕಳು ಇರಬೇಕು. ಠರಾವಿನ ಪುಸ್ತಕದಾಗ ಸಹಿ, ಹೆಬ್ಬೆಟ್ಟು ಎಲ್ಲಾ ಸರಿಯಾಗಿ ಹಾಕಿಸ್ರಿ. ನಿಮ್ಮ ಅತ್ತೆ ಎದ್ದು ಮಾತಾಡಿದ್ದು ಸುದ್ದಾ ಆ ಪುಸ್ತಕದಾಗ ಬರೀಬೇಕು, ಬರೆದಿರಿ ಇಲ್ಲೋ?

ಒಡಿಶಾದ ನಿಯಮಗಿರಿ ಕೇಸ್ ನೆನಪ ಮಾಡ್ಕೊಳ್ರಿ. 2013ರ ಏಪ್ರಿಲ್ 18ಕ್ಕ ಸುಪ್ರೀಂ ಕೋರ್ಟ್ ಆದೇಶ ಬಂತು, ಡೋಂಗ್ರಿಯಾ ಕೋಂಧ ಅನ್ನೂ ಬುಡಕಟ್ಟಿನವರ ದೇವರ ಗುಡ್ಡದಾಗ ಬಾಕ್ಸೈಟ್ ಗಣಿ ಆದ್ರ ಅವರ ಹಕ್ಕಿಗೆ, ನಂಬಿಕೆಗೆ ಧಕ್ಕೆ ಆಗ್ತದೋ ಇಲ್ಲೋ ಅನ್ನೂದನ್ನ ಗ್ರಾಮಸಭೆಗಳೇ ವಿಚಾರ ಮಾಡ್ಲಿ ಅಂತ. ಹನ್ನೆರಡು ಹಳ್ಳಿ ಸಭೆ ಸೇರಿದ್ವು, ಹನ್ನೆರಡೂ ಬ್ಯಾಡ ಅಂದ್ವು. ದೇವರ ಜಾಗ ಅನ್ನೂ ಮಾತಿಗೆ ಕೋರ್ಟಿನ್ಯಾಗ ಎಷ್ಟು ತೂಕ ಅದ ಅನ್ನೂದು ಅಲ್ಲಿ ಕಾಣ್ತದ.

ವನ್ಯಪ್ರೇಮಿ_ಹಾಸನ:

ನನ್ನ ಮಾತು ಕೆಲವರಿಗೆ ಇಷ್ಟ ಆಗಲ್ಲ ಅಂತ ಗೊತ್ತು, ಆದ್ರೂ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪೋಡಲ್ಲೇ ಆರು ತಿಂಗಳು ಉಂಡು ಮಲಗಿ ಎದ್ದ ಸಂಶೋಧಕರು ಪೋಡಿನವರ ಪರಾನೇ ಬರೀತಾರೆ ಅಲ್ವಾ, ಅದು ಹೇಗೆ ನಿಷ್ಪಕ್ಷಪಾತ ಸಾಕ್ಷ್ಯ ಆಗುತ್ತೆ? ಅಜ್ಜ ಹೇಳಿದ ಕಥೆ, ಹಾಡು ಇವನ್ನೆಲ್ಲ ಇಟ್ಕೊಂಡು ಕಾಡಿನ ಹಕ್ಕು ನಿರ್ಧಾರ ಮಾಡಿದ್ರೆ ನಾಳೆ ಯಾರು ಬೇಕಾದ್ರೂ ಕಥೆ ಹೇಳಬಹುದು. ನನಗೆ ಸೋಲಿಗರ ಬಗ್ಗೆ ಗೌರವ ಇದೆ, ಕಾಡಿನ ಬಗ್ಗೆ ಚಿಂತೆ ಕೂಡ ಅಷ್ಟೇ ಇದೆ, ಅದಕ್ಕೇ ಕೇಳ್ತಿದೀನಿ.

ಶಂಕ್ರಿ_ವ್ಯಾಂಕೂವರ್:

ಹಾಸನದವ್ರೇ, ನೀವು ಕೇಳಿರೋ ಪ್ರಶ್ನೆನ ಇಲ್ಲಿ ಒಬ್ಬ ಜಡ್ಜೇ ಕೇಳಿದ್ರು, ಅದಕ್ಕೆ ಉತ್ತರ ಸಿಗೋಕೆ ಆರು ವರ್ಷ ಆಯ್ತು. ನಾನು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿದೀನಿ, ಮೂಲ ತಿಪಟೂರು. ಇಲ್ಲಿಗೆ ಬಂದ್ಮೇಲೆ ಇದನ್ನ ಓದೋಕೆ ಶುರು ಮಾಡಿ ಬಿಡೋಕೇ ಆಗ್ಲಿಲ್ಲ.

ಇಲ್ಲಿಯ ವಾಯವ್ಯ ಭಾಗದಲ್ಲಿ ಗಿಟ್‌ಕ್ಸಾನ್, ವೆಟ್‌ಸುವೆಟೆನ್ ಅಂತ ಎರಡು ಮೂಲನಿವಾಸಿ ಜನಾಂಗ. 58,000 ಚದರ ಕಿಲೋಮೀಟರ್ ನಮ್ಮ ನೆಲ, ಇಲ್ಲಿ ಆಡಳಿತ ನಮ್ಮದು ಅಂತ ಅವ್ರ ಮುಖ್ಯಸ್ಥರು 1984ರಲ್ಲಿ ಕೋರ್ಟಿಗೆ ಹೋದ್ರು, ಡೆಲ್ಗಮೂಕ್ ಕೇಸ್ ಅಂತ ಹೆಸರು. ವಿಚಾರಣೆ 374 ದಿನ ನಡೀತು. ಗಿಟ್‌ಕ್ಸಾನರು ತಮ್ಮ ಮನೆತನಗಳ ಚರಿತ್ರೆನ ಅದಾವ್ಕ್ ಅಂತಾರೆ, ಅದನ್ನ ಹಿರಿಯರು ಕೋರ್ಟಲ್ಲಿ ಹೇಳಿದ್ರು, ಒಬ್ಬ ಅಜ್ಜಿ ಹಾಡೋಕೆ ಹೊರಟಾಗ ಜಡ್ಜು ನನಗೆ ಹಾಡು ಕೇಳಿಸೋ ಕಿವಿ ಇಲ್ಲ ಅನ್ನೋ ಅರ್ಥದಲ್ಲಿ ಬೇಸರ ಮಾಡ್ಕೊಂಡ್ರಂತೆ. ಜೊತೆ ಇದ್ದು ಅಧ್ಯಯನ ಮಾಡಿದ್ದ ಮಾನವಶಾಸ್ತ್ರಜ್ಞರು ಬಂದು ಸಾಕ್ಷಿ ಹೇಳಿದ್ರು. 1991ರಲ್ಲಿ ತೀರ್ಪು ಬಂತು: ಇವ್ರು ಆ ಜನರಿಗೆ ತೀರಾ ಹತ್ತಿರ ಇದಾರೆ, ವಕಾಲತ್ತು ಮಾಡ್ತಿದಾರೆ, ನಂಬೋಕಾಗಲ್ಲ. ನೀವು ಕೇಳಿದ್ದು ಇದನ್ನೇ ತಾನೆ?

1997ರ ಡಿಸೆಂಬರ್ 11ಕ್ಕೆ ಕೆನಡಾದ ಸುಪ್ರೀಂ ಕೋರ್ಟ್ ಅದನ್ನ ತಿರುಗಿಸಿ ಹಾಕ್ತು. ಬರವಣಿಗೆ ಇಲ್ಲದ ಜನರ ಬಾಯಿಮಾತಿನ ಚರಿತ್ರೆಗೂ ದಾಖಲೆ ಪತ್ರದಷ್ಟೇ ಸ್ಥಾನ ಕೊಡಬೇಕು, ಇಲ್ಲಾಂದ್ರೆ ಅವ್ರಿಗೆ ಹಕ್ಕು ಸಾಬೀತು ಮಾಡೋ ದಾರಿನೇ ಇರಲ್ಲ ಅಂತ. ಆದ್ರೆ ಆ ಜನಕ್ಕೆ ನೆಲ ಕೊಡಲಿಲ್ಲ, ಮರುವಿಚಾರಣೆ ಮಾಡಿ ಅಂತು, ಅದು ನಡೀಲೇ ಇಲ್ಲ. ಅದೇ ದಾರಿ ಹಿಡಿದು 2014ರಲ್ಲಿ ಇದೇ ಪ್ರಾಂತ್ಯದ ಸಿಲ್ಕೋಟಿನ್ ಜನ ನೆಲದ ಹಕ್ಕನ್ನೇ ಗೆದ್ರು.

ಇನ್ನೊಂದು, ಕಾಡಂಚಿನವ್ರಿಗೆ ನೇರ ಉಪಯೋಗ ಆಗೋದು. ಉತ್ತರದ ಹಿಮದಲ್ಲಿರೋ ಇನುಯಿಟ್ ಜನ 1970ರ ದಶಕದಲ್ಲಿ ಒಂದು ದೊಡ್ಡ ನಕ್ಷೆ ಕೆಲಸ ಮಾಡಿದ್ರು, ಮಿಲ್ಟನ್ ಫ್ರೀಮನ್ ಅನ್ನೋ ಮಾನವಶಾಸ್ತ್ರಜ್ಞರ ಮುಂದಾಳತ್ವದಲ್ಲಿ. ಆದ್ರೆ ಆ ಅಧ್ಯಯನ ಬೇಕು ಅಂತ ಕೇಳಿದ್ದೇ ಇನುಯಿಟ್ ಸಂಘಟನೆ. ಒಬ್ಬೊಬ್ಬ ಬೇಟೆಗಾರನೂ ತನ್ನ ಜೀವಮಾನದಲ್ಲಿ ಎಲ್ಲೆಲ್ಲಿ ಬೇಟೆ ಆಡಿದೆ, ಮೀನು ಹಿಡಿದೆ, ಎಲ್ಲಿ ಬಿಡಾರ ಹಾಕಿದೆ ಅಂತ ನಕ್ಷೆ ಮೇಲೆ ಗೆರೆ ಎಳೀತಾ ಹೋದ. 1976ರಲ್ಲಿ ಮೂರು ಸಂಪುಟ ಬಂತು. ಮಾತುಕತೆಗೆ ಅದೇ ಬುನಾದಿ ಆಗಿ, 1993ರಲ್ಲಿ ಒಪ್ಪಂದ ಆಗಿ, 1999ರ ಏಪ್ರಿಲ್ 1ಕ್ಕೆ ನುನಾವುಟ್ ಅನ್ನೋ ಹೊಸ ಆಡಳಿತ ಪ್ರದೇಶನೇ ಹುಟ್ಟಿತು. ಅದಕ್ಕೇ ಅಧ್ಯಯನ ಬೇಕು ಅಂತ ಕೇಳಿದ್ದು ಯಾರು ಅನ್ನೋದನ್ನ ಮೊದ್ಲು ನೋಡಿ. ನಿಮ್ಮಲ್ಲಿಗೆ ಬಂದಿರೋ ಇಬ್ರು ತಮ್ಮ ಪ್ರಶ್ನೆ ತಾವೇ ತಂದಿದಾರೋ, ನಿಮ್ಮ ಪ್ರಶ್ನೆಗೆ ಕೆಲಸ ಮಾಡೋಕೆ ಬಂದಿದಾರೋ?

ಊರೂರು_ತಿರುಗೋಳು:

ನಾನು ಆ ಇನ್ನೊಂದು ಕಡೆಯವಳು, ಅಂದ್ರೆ ಟೇಪ್ ರೆಕಾರ್ಡರ್ ಹಿಡ್ಕೊಂಡು ಹೋಗೋ ಕಡೆಯವಳು. ಮಾನವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದೀನಿ. ನಿಮ್ಮತ್ತೆಯ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ, ಯಾಕಂದ್ರೆ ನಾನೂ ಒಂದು ತಪ್ಪು ಮಾಡಿದೀನಿ.

ನನ್ನ ಪ್ರಬಂಧದಲ್ಲಿ ಒಂದು ಊರಿನ ಹೆಂಗಸರು ಮಾತ್ರ ಹೋಗೋ ಪೂಜೆಯ ಜಾಗದ ಹೆಸರು, ಅಲ್ಲಿಗೆ ಹೋಗೋ ದಾರಿ ಎರಡನ್ನೂ ಬರೆದುಬಿಟ್ಟೆ. ಯಾರನ್ನೂ ಕೇಳಲಿಲ್ಲ, ಅವರೇ ಕರ್ಕೊಂಡು ಹೋಗಿ ತೋರಿಸಿದ್ರಲ್ಲ, ಬರೆದ್ರೆ ಏನಂತೆ ಅನ್ನೋ ಯೋಚನೆ. ಎರಡು ವರ್ಷ ಆದ್ಮೇಲೆ ಹೋದಾಗ ಅಲ್ಲಿ ಚಾರಣದವರು ಟೆಂಟ್ ಹಾಕಿದ್ರು. ನನಗೆ ತೋರಿಸಿದ್ದ ಅಜ್ಜಿ ಬೈಯಲಿಲ್ಲ, ಮಾತಾಡೋದನ್ನೇ ಬಿಟ್ರು. ತೋರಿಸೋದು ಬೇರೆ, ಬರ್ಕೋ ಅಂತ ಹೇಳೋದು ಬೇರೆ, ಇದು ನನಗೆ ಗೊತ್ತಾಗಿದ್ದು ಹಾಗೆ.

ಅದಕ್ಕೇ ಹೇಳ್ತೀನಿ, ಅವರು ಬಂದಾಗ ಇದನ್ನ ಕೇಳಿ. ರೆಕಾರ್ಡಿಂಗು, ಫೋಟೋ, ಜಿಪಿಎಸ್ ಫೈಲು ಇದರ ಮೂಲ ಪ್ರತಿ ಎಲ್ಲಿರುತ್ತೆ? ಪೋಡಲ್ಲೇ ಒಂದು ಹಾರ್ಡ್ ಡಿಸ್ಕಲ್ಲಿ ಇರಬೇಕು, ಪ್ರತಿ ವಾರ ಮಾಡಿದ್ದನ್ನ ಆ ವಾರವೇ ಅದಕ್ಕೆ ಹಾಕಿ ಕೊಡಬೇಕು, ಕೆಲಸ ಮುಗಿದ ಮೇಲೆ ಕಳಿಸ್ತೀವಿ ಅನ್ನೋ ಮಾತಿಗೆ ಒಪ್ಪಬೇಡಿ. ಸಂಶೋಧಕರು ಕೆಲಸ ಬಿಡ್ತಾರೆ, ಫೋನ್ ನಂಬರ್ ಬದಲಾಗುತ್ತೆ, ಲ್ಯಾಪ್‌ಟಾಪ್ ಕೆಟ್ಟು ಹೋಗುತ್ತೆ, ನಿಮ್ಮ ತಾತನ ದನಿ ಹಾಗೇ ಎಲ್ಲೋ ಕಳೆದುಹೋಗಿರೋದು. ಮತ್ತೆ ನಕ್ಷೆ ಎರಡು ಮಾಡಿಸಿ. ಒಂದು ಪೋಡಿನದ್ದು, ಎಲ್ಲಾ ಇರೋದು, ಹೊರಗೆ ಹೋಗಬಾರದು. ಇನ್ನೊಂದು ಅರ್ಜಿ ಜೊತೆ ಇಡೋಕೆ, ಗ್ರಾಮಸಭೆ ಇದು ತೋರಿಸಬಹುದು ಅಂತ ಒಂದೊಂದೇ ಜಾಗ ಓದಿ ಒಪ್ಪಿದ್ದು ಮಾತ್ರ. ಜೇನು ಮರಗಳ ಜಾಗ ಎರಡನೇದರಲ್ಲಿ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಕಲ್ಲುಗುಡಿ ವಿಷಯ ಆಯಾ ಕುಲದವರು ಹೇಳಲಿ.

ಬೇಡ ಅನ್ನೋ ಅಧಿಕಾರ ಮಧ್ಯದಲ್ಲೂ ಇರಬೇಕು. ಶುರುವಿನಲ್ಲಿ ಒಂದು ಸಹಿ ಹಾಕಿಸ್ಕೊಂಡ್ರೆ ಆರು ತಿಂಗಳಿಗೆಲ್ಲ ಒಪ್ಪಿಗೆ ಸಿಕ್ಕಿತು ಅಂತ ನಮ್ಮ ಕಡೆ ಅಂದ್ಕೊಳ್ತಾರೆ, ಅದು ತಪ್ಪು. ಬರೆದದ್ದನ್ನ ಅಚ್ಚಿಗೆ ಕೊಡೋ ಮೊದಲು ಕನ್ನಡದಲ್ಲಿ ಸಭೆ ಮುಂದೆ ಓದಬೇಕು. ಪೋಡಿನ ಇಬ್ಬರು ಹುಡುಗ ಹುಡುಗೀರಿಗೆ ಕೆಲಸ ಕಲಿಸಿ ಸಂಬಳ ಕೊಡಬೇಕು, ಅವರ ಹೆಸರು ಬರೆದವರ ಪಟ್ಟಿಯಲ್ಲೇ ಬರಬೇಕು, ಕೊನೇ ಪುಟದ ಧನ್ಯವಾದದಲ್ಲಿ ಅಲ್ಲ. ದಕ್ಷಿಣ ಆಫ್ರಿಕಾದ ಸ್ಯಾನ್ ಜನ 2017ರಲ್ಲಿ ತಮ್ಮದೇ ಸಂಶೋಧನಾ ನಿಯಮ ಬರೆದು, ಇನ್ನು ಯಾರೇ ಬಂದ್ರೂ ಇದರ ಪ್ರಕಾರ ನಡೀಬೇಕು ಅಂದ್ರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಸರಿಯಾದ ಕ್ರಮ ಇಷ್ಟೇ ಅದರ ತಿರುಳು. ನಿಮ್ಮ ಪೋಡೂ ಒಂದು ಪುಟದ್ದು ಬರೆಯಬಹುದು, ಠರಾವಿನ ಪುಸ್ತಕದಲ್ಲೇ.

ಇದಕ್ಕೆಲ್ಲ ಒಪ್ಪದೇ ಹೋದವರು ಹೋಗಲಿ ಬಿಡಿ. ಒಪ್ಪಿ ಬಂದವರು ನಿಮ್ಮ ಕೆಲಸಕ್ಕೆ ಆಗ್ತಾರೆ.

ಗಿರಿಜೆ_ಬೆಟ್ಟ:

ಹಾಸನದಣ್ಣಂಗೆ ಒಂದ್ ಮಾತು. ನೀವು ಕಾಡಿನ ಚಿಂತೆ ಅಂದ್ರಿ, ನಮ್ಗೂ ಅದೇ ಕನಣ್ಣ. ನೆಲ್ಲಿ ಮರುಕ್ಕೆ ಉಪ್ಪಿಲು ಅಂತ ಬದನಿಕೆ ಹತ್ಕಂಡು ಮರ ಸಾಯ್ತವೆ, ತರಗು ಬೆಂಕಿ ನಿಂತ್ಮೇಲೇ ಅದು ಹೆಚ್ಚಾಯ್ತು, ಲಾಂಟಾನನೂ ಹೆಚ್ಚಾಯ್ತು ಅಂತ ನಮ್ ಹಿರೀಕರು ಹೇಳ್ತಾನೇ ಅವ್ರೆ. ಆ ಮಾತ್ನ ವಿಜ್ಞಾನಿಗಳು ಬರ್ಕಂಡು ಪರೀಕ್ಸೆಗೆ ತಕ್ಕಂಡ್ರು. ಹಾಡಲ್ಲಿ ಕಥೇಲಿ ಇರದೂ ಇಂಥದ್ದೇ, ಯಾವ ಮರ ಎಲ್ಲದೆ, ಯಾವ ಹಳ್ಳ ಯಾವಾಗ ಬತ್ತದೆ ಅಂತ. ನಮ್ ಬೆಟ್ಟದ ದೇವ್ರು ರಂಗಸ್ವಾಮಿ ನಮ್ ಸೋಲಿಗರ ಹುಡ್ಗಿ ಕುಸುಮಾಲೆನ ಮದ್ವೆ ಆದ, ಅದುಕ್ಕೆ ಅವ್ನು ನಮ್ಗೆ ಭಾವ. ನೆಂಟರ ಮನೆ ಸುತ್ತ ಇರೋ ಕಾಡ್ನ ಯಾರು ಹಾಳ್ಮಾಡರು?

ವನ್ಯಪ್ರೇಮಿ_ಹಾಸನ:

ಕೆನಡಾದ ಕೇಸು ನನಗೆ ಗೊತ್ತಿರಲಿಲ್ಲ, ಓದ್ತೀನಿ. ತರಗು ಬೆಂಕಿ ವಿಷಯದಲ್ಲಿ ನನಗಿನ್ನೂ ಅನುಮಾನ ಇದೆ, ಬೇಸಿಗೆಲಿ ಬೆಂಕಿ ಕೈ ಮೀರಿದ್ದನ್ನ ಕಣ್ಣಾರೆ ನೋಡಿದೀನಿ. ಆದ್ರೆ ಯಾವ ತಿಂಗಳಲ್ಲಿ ಹಾಕ್ತಿದ್ರು, ಹೇಗೆ ಹಾಕ್ತಿದ್ರು ಅಂತ ಹಿರಿಯರನ್ನ ಕೇಳಿ ಬರೆದಿಡಬೇಕು ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ, ಗಿರಿಜಕ್ಕ.

ಕಾಡಂಚಿನವ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ವಕೀಲ್ರೇ, ಅತ್ತೆ ಮಾತ್ನ ಪುಸ್ತಕದಲ್ಲಿ ಬರೆದಿರ್ಲಿಲ್ಲ, ನಿನ್ನೆ ಬರೆದು ಹೆಬ್ಬೆಟ್ಟು ಹಾಕ್ಸಿದೀನಿ.

ನಿನ್ನೆ ಸಂಜೆ ಯಜಮಾನ್ರ ಮನೆ ಜಗಲಿ ಮೇಲೆ ಕೂತು ಇದನ್ನೆಲ್ಲ ಓದಿ ಹೇಳ್ದೆ. ಅಜ್ಜಿ ಹಾಡಿದ ಕಥೆ ಎರಡ್ಸಲ ಓದ್ಸಿದ್ರು. ಎರಡು ನಕ್ಷೆ ಮಾತು ಎಲ್ರಿಗೂ ಹಿಡಿಸ್ತು, ನಮ್ ಪೂಜಾರಿ ತಮ್ಮಡಿಗೆ ಮಾತ್ರ ಇನ್ನೂ ಸಮಾಧಾನ ಇಲ್ಲ, ಪೋಡಿನ ನಕ್ಷೆಲೂ ಎರಡು ಜಾಗ ಬರೀಬಾರ್ದು, ಅದು ಬಾಯಲ್ಲೇ ಇರ್ಲಿ ಅಂತಾರೆ. ಆಯ್ತು ಅಂದ್ವು. ಬಂದಿದ್ದ ಇಬ್ರಿಗೂ ಫೋನ್ ಮಾಡಿ ನಮ್ ಷರತ್ತು ಹೇಳ್ದೆ. ಒಬ್ರು ನಮ್ ಸಂಸ್ಥೆಲಿ ಕೇಳಿ ಹೇಳ್ತೀನಿ ಅಂದ್ರು, ಇನ್ನೊಬ್ರು ಮೇಡಂ ಮೊದ್ಲು ಆ ಹಳೇ ರೆಕಾರ್ಡಿಂಗ್ ಹುಡುಕೋಕೆ ನಾನೂ ಜೊತೆ ಓಡಾಡ್ತೀನಿ ಅಂದ್ರು. ಅತ್ತೆಗೆ ಹೇಳಿದ್ದಕ್ಕೆ "ಅವ್ಳನ್ ಬರಕ್ಕೇಳು" ಅಂದ್ಲು.

ಮಳೆ ನಿಂತ್ಮೇಲೆ ನಡಿಯೋದು ಅಂತ ಆಗಿದೆ, ಯಾರು ಬರ್ಲಿ ಬಿಡ್ಲಿ. ಅಬ್ಬಿಯಿಂದ ಶುರು ಮಾಡ್ತೀವಿ. ಗಿರಿಜಕ್ಕ, ನಿಮ್ ಕಡೆ ನಡೆದಿದ್ದೋರು ಯಾರಾದ್ರೂ ಎರಡು ದಿನ ಬಂದು ನಮ್ ಹುಡುಗರಿಗೆ ಜಿಪಿಎಸ್ ಹೇಳ್ಕೊಡೋಕಾಗುತ್ತಾ? ಊಟ, ಮಲಗೋದು ನಮ್ಮನೇಲೇ.